ಬೆನ್ನು ಒತ್ತುವ ಮುನ್ನ

ಬೆರಳಿನ ನೆಟಿಗೆ ಮುರಿದಾಗ ಹೊರಡುವ ಆ ಪುಟ್ಟ ‘ಟಕ್’ ಸದ್ದಿನಲ್ಲಿ ಎಂಥ ಸಮಾಧಾನವಿದೆಯೆಂಬುದನ್ನು ನೀವೂ ಬಲ್ಲಿರಿ. ಏನೂ ವಾಸಿಯಾಗಿರುವುದಿಲ್ಲ, ಆದರೂ ಏನೋ ವಾಸಿಯಾದಂಥ ಸುಖ. ಈ ನಿರುಪದ್ರವಿ ಸದ್ದಿನ ಮೇಲೆ ನನಗೆ ಹಗೆ ಹುಟ್ಟಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಮಸ್ಕತ್ತಿನಲ್ಲಿ. ಖುರುಮ್‌ನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ, ಬರಿಗೈಯಿಂದ ಬೆನ್ನುಮೂಳೆಯನ್ನು ಒತ್ತಿ ತಿರುಚಿ ನೋವು ಕಳೆಯುವ ಕೈರೊಪ್ರ್ಯಾಕ್ಟಿಕ್ ವಿದ್ಯೆಯನ್ನು ಆರು ಜನ ಕಲಿಯುತ್ತಿದ್ದರು. ಅವರಿಗೆ ರೋಗಗಳ ಸ್ವಭಾವವನ್ನೂ ರೋಗನಿರ್ಣಯದ ಕ್ರಮವನ್ನೂ ಬೋಧಿಸುವ ಹೊಣೆ, ಪುತ್ತೂರಿನಿಂದ ಬಂದ ಸಾಮಾನ್ಯ ವೈದ್ಯನಾದ ನನ್ನ ತಲೆಗೆ ಕಟ್ಟಲ್ಪಟ್ಟಿತ್ತು.

ಅವರ ಪಾಲಿಗೆ ಮನುಷ್ಯನೆಂದರೆ ಟಕ್ಕೆನ್ನಲು ಕಾದು ಮಲಗಿದ ಒಂದು ಬೆನ್ನು. ಬೆನ್ನುನೋವೆಂದು ಬಂದವನಿಗೆ ಮೂತ್ರಪಿಂಡದಲ್ಲಿ ಕಲ್ಲಿರಬಹುದು, ಮೂಳೆಯಲ್ಲಿ ಕ್ಷಯವಿರಬಹುದು, ಕ್ಷಯ ತಿಂದು ಟೊಳ್ಳಾದ ಮೂಳೆಯನ್ನು ತಿರುಚಿದರೆ ಅವನ ಕಾಲುಗಳ ಸ್ವಾಧೀನವೇ ತಪ್ಪೀತು, ಆದ್ದರಿಂದ ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ ಎಂದು ಮೊದಲು ಕೇಳಿ, ಆಮೇಲೆ ಕೈಹಾಕಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದರೆ, ಮಹನೀಯರು ಮೇಜಿನಡಿಯಲ್ಲಿ ನೆಟಿಗೆ ಮುರಿಯುತ್ತಿದ್ದರು. ರಕ್ತದೊತ್ತಡದ ಅಧ್ಯಾಯಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿರಲಿಲ್ಲ, ನಾನೇ ಎದುರಿಗಿದ್ದೆ. ಕೇಳದೆ ಮುಟ್ಟುವವನು ವೈದ್ಯನಲ್ಲ, ಕಣಕ ನಾದುವವನು ಎಂದು ಒಮ್ಮೆ ಗದರಿದಾಗ, ಬರೆದುಕೊಂಡವಳು ಕರಾಚಿಯ ನಸ್ರೀನ್ ಒಬ್ಬಳೇ. ಆಕೆ ಹಿಂದೆ ನರ್ಸಾಗಿದ್ದವಳು.

ಆರು ಜನರ ಅಭ್ಯಾಸಕ್ಕೆಂದು ಒಂದು ದಿನ ಹಮೀದ್ ಎಂಬವರು ಬಂದರು. ಅಲ್ ಮಬೇಲಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಎರಡು ತಿಂಗಳಿನಿಂದ ಬೆನ್ನುನೋವು. ಬಾಯಿ ತೆರೆದೊಡನೆ ನಮ್ಮ ಕಡೆಯವರೆಂದು ತಿಳಿಯಿತು. ಅಲ್ಲಿಗೆ ನನ್ನ ವೈದ್ಯಶಾಸ್ತ್ರವೆಲ್ಲ ಗಾಳಿಗೆ ಹಾರಿತು. ಯಾವ ಊರು, ಮನೆ ಎಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿಯಿಟ್ಟಿದ್ದವರು ನಿಮಗೇನಾಗಬೇಕು ಎಂದು ಕಾಲು ಗಂಟೆ ವಿಚಾರಿಸಿದೆ. ಅವರ ಅಣ್ಣ ನನ್ನ ಶಾಲೆಯ ಜೊತೆಗಾರನೆಂದು ತಿಳಿದು ಆನಂದತುಂದಿಲನಾದೆ.

“ಜ್ವರ ಗಿರ ಏನಾದರೂ ಉಂಟಾ ಹಮೀದ್‌ರೇ?” ಎಂದೆ, ಬಿಸಿಲಿನ ಬಗ್ಗೆ ಕೇಳುವವನ ಧಾಟಿಯಲ್ಲಿ.

“ಎಂಥ ಜ್ವರವೂ ಇಲ್ಲ ಡಾಕ್ಟ್ರೇ. ಬೆನ್ನು ಒಂದು ಸರಿಯಾದರೆ ಸಾಕು.”

ನಮ್ಮೂರಿನವರು ನನಗೇಕೆ ಸುಳ್ಳು ಹೇಳುತ್ತಾರೆ? ಶುರುಮಾಡಿ ಎಂದು ನಸ್ರೀನ್‌ಗೆ ಅಪ್ಪಣೆ ಕೊಟ್ಟೆ. ಆಕೆ ಮುಟ್ಟಲಿಲ್ಲ. ಹಮೀದ್ ಬಿಚ್ಚಿ ಕುರ್ಚಿಯ ಮೇಲಿಟ್ಟ ಬೆಲ್ಟನ್ನು ಎತ್ತಿಕೊಂಡು ನೋಡಿದಳು. ಹಳೆಯ ತೂತುಗಳಿಂದೀಚೆ, ಬಕಲ್ಲಿನ ಕಡೆಗೆ, ಮೊಳೆಯಲ್ಲಿ ಹೊಡೆದ ಮೂರು ಹೊಸ ತೂತುಗಳಿದ್ದವು. ಇವನ್ನು ಯಾವಾಗ ಮಾಡಿಕೊಂಡಿರಿ ಎಂದು ಹಿಂದಿಯಲ್ಲಿ ಕೇಳಿದಳು. ಹಮೀದ್ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

“ಸರ್, ನೀವು ಸ್ವಲ್ಪ ಹೊರಗಿರಿ,” ಎಂದಳು ನಸ್ರೀನ್.

ನನ್ನ ತರಗತಿಯಿಂದ ನನ್ನನ್ನೇ! ವರಾಂಡದಲ್ಲಿ ಹತ್ತು ನಿಮಿಷ ಉರಿದುಕೊಂಡು ಶತಪಥ ತಿರುಗಿದೆ. ಆಕೆ ಬಂದು ವರದಿ ಒಪ್ಪಿಸಿದಳು: ಎರಡು ತಿಂಗಳಿನಿಂದ ಸಂಜೆಯ ಜ್ವರ, ಬೆವರು, ಊಟ ಸೇರುವುದಿಲ್ಲ. ವೀಸಾ ಕೊಟ್ಟು ಕರೆಸಿಕೊಂಡ ಧಣಿ ಕಫೀಲನಿಗೆ ಗೊತ್ತಾದರೆ ಊರಿಗೆ ಕಳಿಸಿಯಾನೆಂಬ ಭಯ. ಅದಕ್ಕಿಂತ ದೊಡ್ಡ ಭಯ ನನ್ನ ಬಾಯಿಯದು. ಊರಿನಲ್ಲಿ ಮಗಳ ನಿಕಾಹ್ ಗೊತ್ತಾಗಿದೆ, ಅಪ್ಪನಿಗೆ ಕ್ಷಯವೆಂದು ಸುದ್ದಿ ಮುಟ್ಟಿದರೆ ಸಂಬಂಧ ಮುರಿಯುತ್ತದೆ, ಡಾಕ್ಟರು ಅಣ್ಣನ ಗೆಳೆಯ ಬೇರೆ.

ಸಿಟ್ಟು ಈಗಲೂ ಇಳಿದಿಲ್ಲ. ಹೊಟ್ಟೆಪಾಡಿಗೆ ಬಂದವನು ಜ್ವರವನ್ನೂ ಕಳ್ಳಮಾಲಿನಂತೆ ಬಚ್ಚಿಡಬೇಕಾದ ವ್ಯವಸ್ಥೆಯ ಮೇಲೆ, ಗುಣವಾಗುವ ರೋಗವನ್ನು ಮನೆತನದ ಕಳಂಕವಾಗಿಸಿದ ನಮ್ಮವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿ ಕೇಳಿ ಎಂದು ವರ್ಷವಿಡೀ ಅರಚಿ, ಕೇಳಬೇಕಾದ ದಿನ ವಂಶಾವಳಿ ಕೇಳುತ್ತ ಕುಳಿತ ಆ ಮೇಷ್ಟ್ರ ಮೇಲೆ. ನನ್ನ ಅಪ್ಪಣೆಯನ್ನು ನಸ್ರೀನ್ ಪಾಲಿಸಿದ್ದರೆ ಹಮೀದ್ ಆ ಮೇಜಿನಿಂದ ನಡೆದು ಇಳಿಯುತ್ತಿರಲಿಲ್ಲವೇನೋ.

ಎಕ್ಸ್‌ರೇಯಲ್ಲಿ ಎರಡು ಮೂಳೆಗಳು ಸವೆದು ಒಂದರ ಮೇಲೊಂದು ಕುಸಿದಿದ್ದವು. ಹೆಚ್ಚಿನ ಪರೀಕ್ಷೆಗಳೂ ಕ್ಷಯವೆಂದೇ ಹೇಳಿದ ಮೇಲೆ ಹಮೀದ್‌ರನ್ನು ಕೂರಿಸಿಕೊಂಡು, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ನುಂಗಿದರೆ ಗುಣವಾಗುತ್ತದೆ, ಕಾಲಿಗೆ ಅಪಾಯವಿಲ್ಲ ಎಂದು ವಿವರಿಸಿದೆ. ಆಮೇಲೆ ದನಿ ತಗ್ಗಿಸಿ, “ಊರಲ್ಲಿ ಒಂದು ಜನಕ್ಕೂ ಗೊತ್ತಾಗುವುದಿಲ್ಲ ಹಮೀದ್‌ರೇ, ನಾನು ಬಾಯಿ ಬಿಡುವುದಿಲ್ಲ,” ಎಂದೆ.

ಹಮೀದ್ ಪಕ್ಕದಲ್ಲಿ ನಿಂತಿದ್ದ ನಸ್ರೀನ್ ಕಡೆ ತಿರುಗಿ, ಈ ಡಾಕ್ಟರ ಮಾತನ್ನು ನಂಬಬಹುದೇ ಎಂದು ಹಿಂದಿಯಲ್ಲಿ ಕೇಳಿದರು.