ಮಾವನ ಮುಕ್ಕಾದ ರೂಪಾಯಿ

ತಿಕೋಟಾದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ವಿಜಯಪುರದ ಮನೆಯಲ್ಲಿ ಕುಳಿತ ಮೇಲೆ, ತಿದ್ದುವುದಕ್ಕೆ ನನ್ನೆದುರು ಉತ್ತರಪತ್ರಿಕೆಗಳು ಇಲ್ಲವಾದವು. ಆ ಜಾಗಕ್ಕೆ ನಾಣ್ಯಗಳು ಬಂದವು. ಒಂದು ಭೂತಗನ್ನಡಿ, ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ತೂಕದ ಯಂತ್ರ, ಮೆತ್ತನೆಯ ಬಟ್ಟೆ, ಗೆರೆ ಎಳೆದ ನೋಟುಪುಸ್ತಕ: ಇಷ್ಟೇ ನನ್ನ ಸಲಕರಣೆ. ಫೋನಿನಲ್ಲಿ ವಿಡಿಯೋ ನೋಡಿ, ತಮ್ಮ ಮನೆಯ ಹಳೆಯ ರೂಪಾಯಿಗೆ ಲಕ್ಷ ಬರುತ್ತದೆಂದು ನಂಬಿದವರು ನಾಣ್ಯ ಹಿಡಿದು ಬರುತ್ತಿದ್ದರು. ಬಹುಪಾಲು ಜನರನ್ನು ನಾನು ಚಹಾ ಕೊಟ್ಟು ನಿರಾಶರನ್ನಾಗಿ ಕಳುಹಿಸುತ್ತಿದ್ದೆ.

ಅವರಿಗೆ ಹೇಳುತ್ತಿದ್ದ ಮಾತು ಒಂದೇ. ಟಂಕಸಾಲೆಯ ದೋಷ ನಾಣ್ಯದೊಂದಿಗೇ ಹುಟ್ಟುತ್ತದೆ. ಸವೆತ ಆಮೇಲೆ ಬರುತ್ತದೆ. ಬೆಲೆ ಬರುವುದು ಮೊದಲನೆಯದಕ್ಕೆ ಮಾತ್ರ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಕಲ್ಲಿಗೆ ಉಜ್ಜಿ ಆದ ಗೀರು ಒಳಕ್ಕೆ ಇಳಿದಿರುತ್ತದೆ. ಮುದ್ರೆ ಬೀಳುವ ಮೊದಲೇ ಬಿಲ್ಲೆಯ ಅಂಚು ಕತ್ತರಿಸಿ ಹೋಗಿದ್ದರೆ ಆ ಕತ್ತರಿಸಿದ ಜಾಗ ನುಣುಪಾಗಿರುತ್ತದೆ, ಅದಕ್ಕೆ ನೇರ ಎದುರಿಗಿರುವ ಅಂಚೂ ಮಸುಕಾಗಿರುತ್ತದೆ. ಪೆಟ್ಟು ತಿಂದ ಅಂಚು ಹಾಗಲ್ಲ. ಅಲ್ಲಿ ಲೋಹ ಎಲ್ಲಿಗೂ ಹೋಗಿರುವುದಿಲ್ಲ, ಪಕ್ಕಕ್ಕೆ ಸರಿದು ತುಟಿಯಂತೆ ಮಡಚಿಕೊಂಡಿರುತ್ತದೆ.

ಇಷ್ಟು ತಿಳಿದವಳಾಗಿಯೂ ನಾನು ತಪ್ಪಿದೆ.

ನನ್ನ ಅಕ್ಕ ಬಬಲೇಶ್ವರದಲ್ಲಿದ್ದಾಳೆ. ಅವಳ ಗಂಡ, ನಾನು ಮಾವ ಎಂದು ಕರೆಯುವವರು, ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಅವರಿಗೆ ಪಾರ್ಶ್ವವಾಯು ಬಡಿದು ಆರು ತಿಂಗಳಾಗಿತ್ತು. ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು, ಮಾತು ಪೂರ್ತಿ ನಿಂತಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಮಾತಿನ ಅಭ್ಯಾಸ ಮಾಡಿಸಿದರೆ ಒಂದಷ್ಟು ಶಬ್ದಗಳಾದರೂ ಮರಳಬಹುದೆಂದು ವೈದ್ಯರು ಹೇಳಿದ್ದರು. ಅವರನ್ನು ಬಸ್ಸಿಗೆ ಹತ್ತಿಸುವ ಧೈರ್ಯ ಅಕ್ಕನಿಗಿರಲಿಲ್ಲ. ತಿಂಗಳುಗಟ್ಟಲೆ ಬಾಡಿಗೆ ಕಾರು ಹಿಡಿಯುವ ಅನುಕೂಲವೂ ಇರಲಿಲ್ಲ.

ಹೀಗಿರುವಾಗ ಅಕ್ಕನ ಮಗಳು ಫೋನಿಗೊಂದು ಚಿತ್ರ ಕಳುಹಿಸಿದಳು. ಮಾವನ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿದ್ದ, ಹಳೆಯ ಕಾಲದ ದಪ್ಪನೆಯ ಒಂದು ರೂಪಾಯಿ. ಅದರ ಅಂಚಿನಲ್ಲಿ ಕಡಲೆಯಷ್ಟು ಭಾಗ ಮುಕ್ಕಾಗಿತ್ತು. ಎದುರು ಅಂಚಿನ ಬಳಿ ಅಂಕೆಯೂ ಮಸುಕಾಗಿತ್ತು. ಎರಡೂ ಲಕ್ಷಣಗಳು ಹೊಂದಿದವೆಂದು ಉಬ್ಬಿಹೋಗಿ, ನಾಣ್ಯವನ್ನು ಕೈಯಲ್ಲಿ ಹಿಡಿಯದೆಯೇ, ಪೂರ್ಣವಿರಾಮ ಸಹಿತ ಉತ್ತರ ಬರೆದೆ: “ಇದು ಟಂಕಸಾಲೆಯಲ್ಲಿಯೇ ಆದ ದೋಷ. ಜೋಪಾನವಾಗಿ ತೆಗೆದಿಡಿ.” ನನ್ನ ಮಾತಿನ ಮೇಲೆ ಭರವಸೆಯಿದ್ದ ನಗರದ ವ್ಯಾಪಾರಿಯೊಬ್ಬರಿಗೂ ಫೋನು ಮಾಡಿದೆ. ಅವರು ಬಬಲೇಶ್ವರದ ಸಂತೆಯ ದಿನ ಬಂದು ನಾಣ್ಯ ಒಯ್ಯುವುದೆಂದಾಯಿತು. ಕಾರಿನ ಬಾಡಿಗೆಗೆ ದಾರಿಯಾಯಿತೆಂದು ಅಕ್ಕ ಫೋನಿನಲ್ಲಿಯೇ ಅತ್ತಳು.

ಸಂತೆಯ ಹಿಂದಿನ ದಿನ ನಾನು ಬಬಲೇಶ್ವರಕ್ಕೆ ಹೋದೆ. ನಾಣ್ಯದ ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳದೆ ಮಾರಲು ಬಿಡುವುದು ನನ್ನ ಪದ್ಧತಿಯಲ್ಲ.

ಮಾವ ಪಡಸಾಲೆಯ ಕಬ್ಬಿಣದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಕರೆದರೂ ಹೊರಳಲಿಲ್ಲ. ಹಿಂದಿನ ಸಲ ಬಂದಾಗ ಕಣ್ಣಿನಲ್ಲಿಯೇ ಮಾತನಾಡಿಸಿದ್ದವರು. ಮಂಚದ ಬದಿಯಲ್ಲಿ ಸ್ಟೀಲಿನ ಚಮಚವೊಂದು ಬಿದ್ದಿತ್ತು. ನಾನು ಅದನ್ನೆತ್ತಿ ಇದೇನೆಂದು ಕೇಳಿದೆ.

ಅಕ್ಕ ದನಿ ತಗ್ಗಿಸಿ ಹೇಳಿದಳು: “ನಿನ್ನ ಮಾತ ಕೇಳಿ ಹತ್ತು ದಿನಾತು, ರೂಪಾಯಿ ಅವರ ಕೈಯಾಗ ಕೊಟ್ಟಿಲ್ಲ. ನೀರ ಬೇಕಂದ್ರ, ಎಬ್ಬಸಬೇಕಂದ್ರ, ಅದರಲೆ ಮಂಚಾ ಬಡದು ಕರೀತಿದ್ರು. ಬಡದು ಬಡದು ಕೆಡಸ್ತಾರಂತ ಜ್ವಾಳದ ಡಬ್ಬ್ಯಾಗ ಇಟ್ಟೇನಿ. ಚಮಚಾ ಕೊಟ್ರ ಒಗದ ಬಿಡ್ತಾರ. ಈಗ ಕರಿಯೂದ ಬಿಟ್ಟಾರ ನೋಡು.”

ಆಮೇಲೆ ನನ್ನ ಚೀಲದಿಂದ ಭೂತಗನ್ನಡಿ ಹೊರಬರುವುದನ್ನು ಕಂಡು, “ಸಾಲಿ ಬಿಟ್ರೂ ತಪ್ಪು ಹುಡುಕೂದು ಬಿಡವಲ್ಲಿ ನೀ,” ಎಂದು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಂತಿತ್ತು.

ಜೋಳದ ಹಿಟ್ಟಿನ ಧೂಳು ಮೆತ್ತಿದ್ದ ನಾಣ್ಯವನ್ನು ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದೆ. ಚಿತ್ರದಲ್ಲಿ ನೆರಳು ಮುಚ್ಚಿದ್ದುದು ಈಗ ಸ್ಪಷ್ಟವಾಗಿ ಕಂಡಿತು. ಮುಕ್ಕಾದ ಕಡೆಯಲ್ಲಿ ಲೋಹ ಎರಡೂ ಬದಿಗೆ ಮಡಚಿ ತುಟಿ ಕಟ್ಟಿತ್ತು. ಎದುರು ಅಂಚು ಮಸುಕಾಗಿರಲಿಲ್ಲ. ಅದರ ಪಕ್ಕದ ಅಂಕೆ ಮಾತ್ರ ಹೆಬ್ಬೆರಳಿನಗಲ ನುಣ್ಣಗೆ ಅಳಿಸಿಹೋಗಿತ್ತು. ಹಿಂಬದಿಯಲ್ಲಿ ತೋರುಬೆರಳಿನಗಲದ ಇನ್ನೊಂದು ನುಣುಪು.

ತೂಕ ಮಾಡುವ ಅಗತ್ಯವೇ ಬೀಳಲಿಲ್ಲ.

ತಿಕೋಟಾದ ಶಾಲೆಗೆ ನಾನು ಹೋಗುತ್ತಿದ್ದುದು ವಿಜಯಪುರದಿಂದ ಹೊರಡುವ ಕನಮಡಿಯ ಬಸ್ಸಿನಲ್ಲಿ. ಎಷ್ಟೋ ವರ್ಷ ಆ ಬಸ್ಸಿನ ಕಂಡಕ್ಟರು ಮಾವನೇ. ಅವರು ಸೀಟಿ ಊದುತ್ತಿರಲಿಲ್ಲ. ಮಕ್ಕಳು ಮಲಗಿರುತ್ತವೆ ಎನ್ನುತ್ತಿದ್ದರು. ಟಿಕೆಟ್ ಹರಿಯಲು ಬಲಗೈ ಬೇಕಾದ್ದರಿಂದ ಎಡಗೈಯಲ್ಲಿ ಒಂದು ರೂಪಾಯಿ ಹಿಡಿದು ಕಂಬಿಗೆ ಬಡಿಯುತ್ತಿದ್ದರು. ಒಂದು ಪೆಟ್ಟಾದರೆ ನಿಲ್ಲಬೇಕು, ಎರಡಾದರೆ ಹೊರಡಬೇಕು. ಶಾಲೆಯ ಮುಂದೆ ನನಗಾಗಿ ಬೀಳುತ್ತಿದ್ದ ಆ ಒಂದು ಪೆಟ್ಟನ್ನು ನಾನು ಸಾವಿರ ಸಲ ಕೇಳಿದ್ದೆ. ಅಕ್ಕ ಆ ಬಸ್ಸಿನಲ್ಲಿ ಓಡಾಡಿದವಳಲ್ಲ. ಅವಳಿಗೆ ತಿಳಿಯದಿದ್ದುದು ಸಹಜ. ತಿಳಿಯಬೇಕಾಗಿದ್ದವಳು ನಾನು. ದೋಷವೆಂದು ಷರಾ ಬರೆದು, ಅವರಿಗೆ ಉಳಿದಿದ್ದ ಒಂದೇ ದನಿಯನ್ನು ಜೋಳದ ಡಬ್ಬಿಯೊಳಗೆ ಇಡಿಸಿದವಳೂ ನಾನೇ.

ಮಂಚದ ಬಳಿ ಹೋಗಿ, ಅವರ ಎಡಗೈ ಬಿಡಿಸಿ ನಾಣ್ಯ ಇಟ್ಟೆ. ಅವರು ನೋಡಲಿಲ್ಲ. ಬೆರಳುಗಳು ತಾವಾಗಿ ಅದನ್ನು ತಿರುಗಿಸಿದವು. ಹೆಬ್ಬೆರಳು ಅಳಿಸಿದ ಅಂಕೆಯ ಮೇಲೆ ಹೋಗಿ ಕುಳಿತಿತು, ಮುಕ್ಕಾದ ಅಂಚು ಹೊರಕ್ಕೆ ಬಂದಿತು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಮಂಚದ ಕಂಬಿಗೆ ಒಮ್ಮೆ ಬಡಿದರು.

ಒಳಗಿನಿಂದ ಅಕ್ಕ, “ಬಂದೆ,” ಎಂದಳು. ಅಂದ ಮೇಲೆ ನೆನಪಾಗಿ ಅವಸರದಿಂದ ಹೊರಬಂದು, ನಾಳೆ ಕೊಡುವ ವಸ್ತುವನ್ನು ಅವರ ಕೈಗೆ ಯಾಕೆ ಕೊಟ್ಟೆಯೆಂದು ಆಕ್ಷೇಪಿಸಿದಳು.

“ಅದು ಟಂಕಸಾಲಿ ದೋಷ ಅಲ್ಲಕ್ಕಾ. ಕಂಬಿ ಬಡದು ಸವದದ್ದು. ಮಾವನ ಕೈಯಾಗ ಸವದದ್ದು.”

“ಹಂಗಾರ ಬರೇ ಒಂದ ರೂಪಾಯಿ ಏನ ಅದು?”

“ಹೌದು.”

“ನೀನ ಅಂದಿದ್ದಿ ಅಲ್ಲ?”

“ತಪ್ಪು ಹೇಳಿದ್ನಿ.”

ಒಂದು ಅಕ್ಷರ ತಪ್ಪಿದ್ದಕ್ಕೆ ಮಕ್ಕಳಿಂದ ಮೂವತ್ತೊಂದು ಸಲ ಬರೆಸಿದ ನನಗೆ ಆ ಎರಡು ಪದ ನಾಲಿಗೆಗೆ ಭಾರವಾಗಿದ್ದವು. ಅಕ್ಕ ಹೊಸ್ತಿಲ ಮೇಲೆ ಕುಳಿತಳು. ಅವಳ ಕಣ್ಣು ಮಾವನ ಹೆಬ್ಬೆರಳಿನ ಮೇಲಿತ್ತು. ಎದ್ದು ಬಂದು, ಆ ಕೈಯನ್ನು ಎತ್ತಿ, ಬೆರಳು ಸರಿಸಿ ಅಳಿಸಿದ ಅಂಕೆಯನ್ನು ನೋಡಿದಳು. ಮತ್ತೆ ಬೆರಳನ್ನು ಇದ್ದಲ್ಲೇ ಇಟ್ಟಳು. ಅನಂತರ ನೀರು ತರಲು ಹೋದಳು. ಅವರು ಬಡಿದದ್ದು ನೀರಿಗೇ ಆಗಿತ್ತು.

ವ್ಯಾಪಾರಿಗೆ ಅಲ್ಲಿಂದಲೇ ಫೋನು ಮಾಡಿ, ನನ್ನ ಪರೀಕ್ಷೆ ತಪ್ಪಿತ್ತೆಂದೂ ಬರುವುದು ಬೇಡವೆಂದೂ ತಿಳಿಸಿದೆ. ಕಾರಿನ ಆಸೆ ಮುಗಿದಿತ್ತು. ಮಾವನನ್ನು ಬಸ್ಸಿನಲ್ಲಿಯೇ ಆಸ್ಪತ್ರೆಗೆ ಒಯ್ಯೋಣ, ಒಂದು ಕಡೆ ನಾನು ಹಿಡಿಯುತ್ತೇನೆ ಎಂದೆ. ಅವರು ಬಿದ್ದರೆ ಏನು ಗತಿಯೆಂದು ಅಕ್ಕ ಕೇಳಿದಳು. ಬಸ್ಸಿನಲ್ಲಿ ನಿಲ್ಲುವುದನ್ನು ಅವರಿಗೆ ನಾವು ಕಲಿಸಬೇಕೇ ಎಂದೆ.

ಮರುದಿನ ಬೆಳಿಗ್ಗೆ ವಿಜಯಪುರದ ಬಸ್ಸು ಬಂದಾಗ, ಮೆಟ್ಟಿಲ ಬಳಿ ಮಾವ ನಮ್ಮಿಬ್ಬರ ಕೈ ಬಿಡಿಸಿಕೊಂಡು, ರೂಪಾಯಿ ಸಹಿತ ಎಡಗೈಯಿಂದ ಬಾಗಿಲ ಕಂಬಿ ಹಿಡಿದರು. ಕಾಲು ಎಳೆಯಿತು, ಆದರೆ ಹತ್ತಿದರು. ನಾವು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟದ್ದು ಹೆಸರಿಗೆ ಮಾತ್ರ. ಮುಂದಿನ ಆಸನದಲ್ಲಿ ಕುಳಿತು, ಒಮ್ಮೆ ಬಸ್ಸಿನ ಉದ್ದಕ್ಕೂ ಕಣ್ಣಾಡಿಸಿ, ಎದುರಿನ ಕಂಬಿಗೆ ಎರಡು ಪೆಟ್ಟು ಹಾಕಿದರು.

ಚಾಲಕ ಹಿಂದಿರುಗಿ ನೋಡದೆ ಗೇರು ಹಾಕಿದ. ಬಸ್ಸು ಮುಂದೆ ಸರಿಯಿತು.

ಬಾಗಿಲಲ್ಲಿದ್ದ ಕಂಡಕ್ಟರ್ ಹುಡುಗಿ ಸೀಟಿ ಕೈಯಲ್ಲಿಯೇ ಹಿಡಿದು ತಿರುಗಿದಳು. ಮಾವನ ಕೈಯನ್ನೂ ಅದರಲ್ಲಿದ್ದ ರೂಪಾಯಿಯನ್ನೂ ನೋಡಿದಳು. “ಕಾಕಾ, ಇನ್ನೂ ಇಬ್ಬರು ಹತ್ತೋರು ಅದಾರ್ರಿ,” ಎಂದಳು.

ಮಾವ ಒಮ್ಮೆ ಬಡಿದರು. ಬಸ್ಸು ನಿಂತಿತು. ನಸುಕಿನಲ್ಲೇ ಸಂತೆ ಮಾಡಿಕೊಂಡು ಹಿಂದಿರುಗುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಸಹಿತ ಹತ್ತಿದರು. ಹುಡುಗಿ ಬಾಗಿಲು ಹಾಕಿ, ಸೀಟಿಯನ್ನು ಕಿಸೆಗಿಳಿಸಿ, ಮಾವನ ಕಡೆ ನೋಡುತ್ತ ಕಾಯ್ದಳು.