ಹಾಲು-ತುಪ್ಪದ ದಿನದ ಫೋನು

ಆ ಬೆಳಿಗ್ಗೆ ಹೊಲಿಗೆ ಕೋಣೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಜೊತೆ ಪಾಠ ಮಾಡುತ್ತಿದ್ದ ಗ್ರೇಸ್. ಕಲಿಯಲು ಬರುವ ಹೆಂಗಸರು ಇನ್ನೂ ಹೊರಗೆ ಮಾವಿನ ಮರದ ಕೆಳಗೆ ಕೂತು ಹರಟುತ್ತಿದ್ದರು. ಅದು ಉಗಾಂಡದ ಒಂದು ಸಣ್ಣ ಪೇಟೆ. ಅಲ್ಲಿ ಗಂಟೆ ಎಂಟೂವರೆ, ನಮ್ಮ ಮೈಸೂರಿನಲ್ಲಿ ಹನ್ನೊಂದು. ಹಾಡಹಗಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕತೆ ಹೇಳುವವರೆಲ್ಲ ನಡುರಾತ್ರಿಯಿಂದಲೇ ಶುರುಮಾಡುತ್ತಾರೆ, ನನಗೆ ಕೇಳಿದರೇ ನಗು ಬರುತ್ತಿತ್ತು. ಬಿಳಿ ಸೀರೆ ಉಟ್ಟವಳು ಕಂಡಳು ಎಂದು ಯಾರಾದರೂ ಬಾಯಿ ತೆರೆದರೆ, "ರವಿಕೆ ಅಳತೆ ಎಷ್ಟಿತ್ತು, ಹೊಲಿದುಕೊಡ್ತೀನಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ಹಾಗೆ ಅನ್ನುವುದಿಲ್ಲ. ನಂಬಿಕೆ ಬಂತು ಅಂತಲ್ಲ. ನಗುವ ಧೈರ್ಯ ಹೋಯಿತು, ಅಷ್ಟೆ.

ನನ್ನನ್ನು ಸಾಕಿದವಳು ದೊಡ್ಡವ್ವ, ನನ್ನ ಅವ್ವನ ಅಕ್ಕ. ಅವ್ವ ಹೋದಾಗ ನನಗೆ ಆರು ವರ್ಷ. ಮೈಸೂರಿನ ಕೆಸರೆಯ ಎರಡು ಕೋಣೆಯ ಮನೆಯಲ್ಲಿ ತನ್ನ ಮಗ ಮಾದೇಶಣ್ಣನ ಪಕ್ಕದಲ್ಲೇ ನನಗೂ ಒಂದು ಚಾಪೆ ಹಾಸಿದಳು. ನನ್ನ ಬಾಯಲ್ಲಿರುವ ಗಾದೆ, ಬೈಗುಳ, ಕತೆ ಎಲ್ಲ ಅವಳವೇ. ಹೊಲಿಗೆಯೂ ಅವಳು ಕಲಿಸಿದ್ದೇ. ಅದೇ ಕಸುಬು ಹಿಡಿದು ನಾನು ಬೋಗಾದಿಯಲ್ಲಿ ಬಾಡಿಗೆಗೆ ಒಂದು ಕೋಣೆ ತೆಗೆದುಕೊಂಡು ಹೆಂಗಸರಿಗೆ ಹೊಲಿಗೆ ತರಗತಿ ನಡೆಸುತ್ತಿದ್ದೆ. ಒಂದು ಸೇವಾ ಸಂಸ್ಥೆಯವರು ಅದನ್ನು ನೋಡಲು ಬಂದವರು, "ಎಂಟು ತಿಂಗಳು ಉಗಾಂಡಕ್ಕೆ ಹೋಗಿ ಕಲಿಸ್ತೀರಾ? ಸಂಬಳ ಇರೋಲ್ಲ, ಊಟ ವಸತಿ ಪ್ರಯಾಣ ನಮ್ಮದು" ಎಂದರು. ನಾನು ಹೂಂ ಅಂದುಬಿಟ್ಟೆ.

ಮನೆಯಲ್ಲಿ ಹೇಳಿದಾಗ ಮಾದೇಶಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಅಂದವ್ರಾ?" ಅಂದ.

ದೊಡ್ಡವ್ವ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ನೀನು ಯಾವೂರ್ಗೆ ಉಪಕಾರ ಮಾಡಿ ಸವ್ದೋಗಿದೀಯಪ್ಪ? ಓಗ್ಲಿ ಬುಡು. ಅಲ್ಲಿರೋರೂ ಎಣ್ಮಕ್ಳೇ ಅಲ್ವಾ" ಅಂದಳು.

ಹೊರಡುವ ಮುಂಚೆ ಅವಳಿಗೊಂದು ಟಚ್ ಫೋನು ಕೊಡಿಸಿ, ಹಸಿರು ಗುಂಡಿಯನ್ನು ಮೇಲಕ್ಕೆ ಎಳೆಯುವುದನ್ನು ಕಲಿಸಿದೆ. ಬೋಗಾದಿಯ ತರಗತಿಯನ್ನು ರಾಜೀವನಗರದ ನನ್ನ ಗೆಳತಿ ನಸೀಮಾಗೆ ವಹಿಸಿದೆ. ಅಲ್ಲಿಗೆ ಹೋದ ಮೇಲೆ ದಿನಾ ಪಾಠಕ್ಕೆ ಮೊದಲು ದೊಡ್ಡವ್ವನಿಗೆ ಫೋನು, ಸಂಜೆ ನಸೀಮಾಗೆ ಮೆಸೇಜು. ಅಲ್ಲಿನ ನೆಟ್‌ವರ್ಕಿಗೆ ಮುಖ ನೋಡುವ ಭಾಗ್ಯವಿರಲಿಲ್ಲ, ಬರೀ ಮಾತು. ಗ್ರೇಸ್‌ಗೆ ಕನ್ನಡ ಬಾರದು, ದೊಡ್ಡವ್ವನಿಗೆ ಇಂಗ್ಲಿಷ್ ಬಾರದು. ಆದರೂ ದಿನಾ ಒಬ್ಬರಿಗೊಬ್ಬರು ಏನೋ ಕೂಗಿ ನಗುತ್ತಿದ್ದರು.

ಆರು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಸೋಮವಾರ ಫೋನು ಹೋಗಲಿಲ್ಲ, ಮಂಗಳವಾರವೂ ಇಲ್ಲ. ಮಾದೇಶಣ್ಣನ ಹೆಂಡತಿ ಸುಧಾ ಅತ್ತಿಗೆಗೆ ಮಾಡಿದೆ. "ಅತ್ತೆ ಫೋನ್ ಕೆಟ್ಟೋಗಿದೆ ಕಣಮ್ಮ, ರಿಪೇರಿಗೆ ಕೊಟ್ಟಿದೀವಿ" ಎಂದರು. ಅವರ ಗಂಟಲು ಕಟ್ಟಿತ್ತು. ನೆಗಡಿ ಎಂದರು.

ಬುಧವಾರ ಬೆಳಿಗ್ಗೆ, ನಾನು ಮೊದಲೇ ಹೇಳಿದ ಆ ಎಂಟೂವರೆಗೆ, ಇರಲಿ ಎಂದು ದೊಡ್ಡವ್ವನ ನಂಬರಿಗೇ ಮತ್ತೆ ಒತ್ತಿದೆ. ಎರಡನೇ ರಿಂಗಿಗೆ ಎತ್ತಿದಳು.

"ರಿಪೇರಿ ಆಯ್ತಾ ದೊಡ್ಡವ್ವ?" ಅಂದೆ.

"ಏನ್ ರಿಪೇರಿನೋ ಏನೋ ಮಗ. ಎಲ್ರೂ ಆಲು-ತುಪ್ಪಕ್ಕೆ ಓಗವ್ರೆ. ಮನೇಲಿ ಯಾರೂ ಇಲ್ಲ. ಅದ್ಕೇ ನಾನೇ ಎತ್ಕೊಂಡೆ."

ಹಾಲು-ತುಪ್ಪ ಅಂದರೆ ನಮ್ಮಲ್ಲಿ ಒಬ್ಬರು ತೀರಿಕೊಂಡ ಮೂರನೇ ದಿನ ಮನೆಮಂದಿ, ನೆಂಟರೆಲ್ಲ ಹೋಗಿ ಮಣ್ಣು ಮಾಡಿದ ಜಾಗದಲ್ಲಿ ಹಾಲು ತುಪ್ಪ ಬಿಟ್ಟು ಬರುವ ಶಾಸ್ತ್ರ. ಅದು ಮುಗಿಯುವ ತನಕ ಮುಖ್ಯ ಕರ್ಮ ಮಾಡುವವನು ಏನೂ ತಿನ್ನುವ ಹಾಗಿಲ್ಲ.

"ಯಾರ್ದು ದೊಡ್ಡವ್ವ?" ಎಂದೆ.

"ನಮ್ಮೋರ್ದೇ."

ನಮ್ಮವರು ಅಂದರೆ ಕೆಸರೆಯಿಂದ ಹಿಡಿದು ಸುತ್ತಲ ಹಳ್ಳಿಗಳ ತನಕ ಇದ್ದಾರೆ. ಯಾರೋ ದೂರದ ನೆಂಟರು ಅಂದುಕೊಂಡೆ. ಅಷ್ಟರಲ್ಲಿ ಹೊರಗಿದ್ದ ಹೆಂಗಸರು ಒಳಗೆ ಬಂದು ಮಿಷನ್ನುಗಳ ಮುಂದೆ ಕೂರತೊಡಗಿದ್ದರು. ಗ್ರೇಸ್ ಎಂದಿನಂತೆ ಬಗ್ಗಿ ಫೋನಿಗೆ ಏನೋ ಕೂಗಿದಳು. ದೊಡ್ಡವ್ವ ನಕ್ಕು, "ಗ್ರೇಸು ಉಂಡ್ಲಾ?" ಅಂದಳು. ಆಮೇಲೆ ಹೇಳಿದಳು: "ನೋಡು, ನಮ್ ಮಾದೇಸ ಬೆಳಗ್ಗಿಂದ ಏನೂ ತಿಂದಿಲ್ಲ. ಬಿಸ್ಲಲ್ಲಿ ಬರಿದಲೇಲಿ ನಿಂತವ್ನೆ. ನಾನ್ ಏಳಿದ್ರೆ ಕೇಳಕ್ಕಿಲ್ಲ ಅವ್ನು. ನೀನೊಂದ್ ಫೋನ್ ಮಾಡಿ ತಲೆಗೊಂದು ಟವಲ್ಲು ಆಕ್ಕೊ ಅನ್ನು."

"ಕ್ಲಾಸ್ ಮುಗಿಸ್ಕೊಂಡು ಮಾಡ್ತೀನಿ ದೊಡ್ಡವ್ವ, ಇಡ್ಲಾ?"

"ಈಗ್ಲೇ ಮಾಡವ್ವ."

"ಆಯ್ತು ಆಯ್ತು" ಎಂದು ಇಟ್ಟೆ. ಮಾಡಲಿಲ್ಲ. ಅಂದು ತೋಳು ಕೂರಿಸುವ ಪಾಠ, ಮಧ್ಯಾಹ್ನದ ತನಕ ಬಿಡುವಾಗಲಿಲ್ಲ. ಆಮೇಲೆ ಮರೆತೆ.

ಮಾರನೆಯ ದಿನದಿಂದ ಆ ಫೋನು ಮತ್ತೆ ಹೋಗಲಿಲ್ಲ. ಅತ್ತಿಗೆ ಒಂದು ದಿನ "ಮಲಗವ್ರೆ" ಅಂದರು, ಇನ್ನೊಂದು ದಿನ "ನಂಜನಗೂಡಿಗೆ ಓಗವ್ರೆ" ಅಂದರು. ನಾನು ಬಿಡದೆ ಕೇಳಿದಾಗ, "ನಿನ್ ಮೇಲೆ ಮುನಿಸ್ಕೊಂಡವ್ರೆ ಕಣಮ್ಮ, ಬಂದ್ಮೇಲೆ ನೀನೇ ಸರಿ ಮಾಡ್ಕೊ" ಅಂದರು. ಅದನ್ನು ನಾನು ನಂಬಿದೆ. ಅವಳು ಹೇಳಿದ ಫೋನು ಮಾಡದೆ ಬಿಟ್ಟಿದ್ದೆನಲ್ಲ. ದೊಡ್ಡವ್ವನ ಮುನಿಸು ನನಗೆ ಗೊತ್ತಿಲ್ಲದ್ದೇ? ಒಮ್ಮೆ ಒಂದು ಗುಂಡಿ ತಿರುಗುಮುರುಗಾಗಿ ಹೊಲಿದದ್ದಕ್ಕೆ ಒಂಬತ್ತು ದಿನ ಮಾತು ಬಿಟ್ಟವಳು. ನನಗೂ ಹಟ ಬಂತು. ಇನ್ನೇನು ಏಳು ವಾರ, ಹೋಗಿ ನೋಡಿಕೊಂಡರಾಯಿತು ಅಂದುಕೊಂಡೆ. ಅಲ್ಲಿಯ ಹೆಂಗಸರು ನನ್ನನ್ನು ಕಳುಹಿಸುವಾಗ ಒಂದು ಅಂಗಿ ಹೊಲಿದುಕೊಟ್ಟರು, ಹಾಡಿದರು, ಅತ್ತರು. ಅವರ ಅಳುವನ್ನೆಲ್ಲ ಹೊತ್ತುಕೊಂಡು ಕೆಸರೆಗೆ ಬಂದೆ.

ಗೇಟಿನ ಹತ್ತಿರವೇ ಸುಧಾ ಅತ್ತಿಗೆ ನಿಂತಿದ್ದರು. ಕೈಯಲ್ಲಿ ತುಂಬಿದ ಬಿಂದಿಗೆ. "ಒಳಕ್ಕೆ ಬರ್ಬೇಡ, ಅಲ್ಲೇ ನಿಂತ್ಕೊ ಕಣಮ್ಮ" ಅಂದರು. ನಾನು ಬ್ಯಾಗು ಇಳಿಸಿ ಕಾಲು ಮುಂದೆ ಚಾಚಿದೆ, ದೂರದಿಂದ ಬಂದವಳಿಗೆ ಕಾಲಿಗೆ ನೀರು ಎಂದುಕೊಂಡು. ಅವರು ಆ ನೀರನ್ನು ತಲೆಯ ಮೇಲೆ ಹೊಯ್ದರು.

ನಮ್ಮಲ್ಲಿ ಸಾವಿನ ಸುದ್ದಿ ತಡವಾಗಿ ಮುಟ್ಟಿದವರಿಗೆ ಮಾತ್ರ ಹಾಗೆ ಬಾಗಿಲಲ್ಲೇ ತಲೆಗೆ ನೀರು. ಯಾರೂ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

"ಯಾವತ್ತು?" ಎಂದು ಕೇಳಿದೆ. ಸೋಮವಾರ ಬೆಳಗಿನ ಜಾವ ದೊಡ್ಡವ್ವ ಎದೆನೋವು ಎಂದಳಂತೆ, ಆಸ್ಪತ್ರೆಗೆ ಸಾಗಿಸುವಷ್ಟೂ ಹೊತ್ತಿರಲಿಲ್ಲ. ಅತ್ತಿಗೆ ತಾರೀಕು ಹೇಳಿದಾಗ ನಾನು ಒದ್ದೆಯಾಗಿ ನಿಂತಲ್ಲೇ, "ಸುಳ್ಳು. ಬುಧವಾರ ನನ್ನ ಹತ್ರ ಮಾತಾಡಿದ್ಲು. ಹಾಲು-ತುಪ್ಪಕ್ಕೆ ಎಲ್ರೂ ಹೋಗವ್ರೆ ಅಂದ್ಲು" ಎಂದೆ. ಅತ್ತಿಗೆಯ ಕೈಯಿಂದ ಬಿಂದಿಗೆ ಜಾರಿತು.

ಮಾದೇಶಣ್ಣ ಮಾತ್ರ ಜಗ್ಗಲಿಲ್ಲ. ಸೋಮವಾರವೇ ಆ ಫೋನನ್ನು ತಾನೇ ಆಫ್ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಗಿ ಹೇಳಿದ. ಬೀಗದಕೈ ತನ್ನ ಸೊಂಟದಲ್ಲೇ ಇತ್ತಂತೆ. ಬುಧವಾರ ಆ ಹೊತ್ತಿಗೆ ಮನೆಗೂ ಬೀಗ, ಎಲ್ಲರೂ ಮಣ್ಣಿನ ಹತ್ತಿರ ಇದ್ದರಂತೆ. ನಾನು ನನ್ನ ಫೋನು ತೆಗೆದು ಆ ದಿನದ ಕರೆಯನ್ನು ತೋರಿಸಿದೆ. ಅವಳ ಹೆಸರು, ಮೂರು ನಿಮಿಷ. "ಅದು ಏನ್ ಬೇಕಾದ್ರೂ ತೋರ್ಸುತ್ತೆ" ಎಂದು ಮುಖ ತಿರುಗಿಸಿದ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಏಳಿದ್ರೆ ಏನ್ ಮಾಡ್ತಿದ್ದೆ? ನೀನು ಬರೋಗಂಟ ಎಣ ಇಟ್ಕೊಂಡ್ ಕೂರಕ್ಕಾಯ್ತಿತ್ತಾ? ಅಲ್ಲಿ ಸೇವೆ ಮಾಡ್ತಿದ್ದೆಯಲ್ಲ, ಮಾಡ್ಕೊಂಡ್ ಬರ್ಲಿ ಅಂತ ಬುಟ್ಟೋ."

ಆಗಲೇ ಅವನ ಹಣೆ ನೋಡಿದ್ದು. ಹುಬ್ಬಿನ ಮೇಲೆ ಹೊಲಿಗೆ ಬಿಚ್ಚಿದ ಗುರುತು. ಹೊಲಿಗೆಯವಳ ಕಣ್ಣು, ಎಣಿಸಿದೆ, ಮೂರು. ಅದೇನೆಂದು ಅತ್ತಿಗೆಯನ್ನು ಕೇಳಿದೆ. "ಆಲು-ತುಪ್ಪದ ದಿನ ಕಣಮ್ಮ. ಉಪ್ವಾಸ ಬೇರೆ, ತಲೆ ಮೇಲೆ ಒಂದು ಬಟ್ಟೆ ಇಲ್ಲ, ಬಿಸ್ಲು. ತಲೆ ಸುತ್ತಿ ಪಕ್ಕದ ಸಮಾಧಿ ಕಲ್ಲಿನ್ ಮೇಲೆ ಬಿದ್ದುಬುಟ್ರು. ಅನ್ನೆರಡು ಗಂಟೆ ಆಗಿತ್ತೇನೊ" ಅಂದರು. ಟವಲ್ಲಿನ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿದೆ.

ನಸೀಮಾಗೂ ವಿಷಯ ಗೊತ್ತಿತ್ತು, ಮಾದೇಶಣ್ಣ ಅವಳಿಂದ ಆಣೆ ಹಾಕಿಸಿಕೊಂಡಿದ್ದ. ಅವಳೊಡನೆ ಒಂದು ತಿಂಗಳು ಮಾತು ಬಿಟ್ಟೆ. ಆಮೇಲೆ ಅವಳಿಗೊಬ್ಬಳಿಗೆ ಪೂರ್ತಿ ಹೇಳಿದೆ. "ದಿನ ತಪ್ಪಾಗಿ ನೆನಪಿಟ್ಕೊಂಡಿದೀಯ ಕಣೇ" ಎಂದಳು. ಇರಬಹುದೆಂದು ಗ್ರೇಸ್‌ಗೆ ಬರೆದು ಕೇಳಿದೆ. ತೋಳು ಕೂರಿಸುವ ಪಾಠದ ದಿನ, ಮುದುಕಿ ನಕ್ಕು 'ಗ್ರೇಸು' ಎಂದು ನನ್ನ ಹೆಸರು ಹೇಳಿದಳು, ಚೆನ್ನಾಗಿ ನೆನಪಿದೆ ಎಂದು ಅವಳು ಉತ್ತರ ಬರೆದಳು. ಆ ಕರೆ ಉಳಿದಿದ್ದ ನನ್ನ ಫೋನೂ ಈಗಿಲ್ಲ, ಮುಂದಿನ ಮಳೆಗಾಲದಲ್ಲಿ ನೀರು ಕುಡಿದು ಕೆಟ್ಟಿತು. ಇಷ್ಟು ವರ್ಷ ಇದನ್ನು ಎಲ್ಲ ಕಡೆಯಿಂದಲೂ ಬಿಚ್ಚಿ ಬಿಚ್ಚಿ ನೋಡಿದ್ದೇನೆ. ಯಾವ ದಾರ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನನ್ನ ಸಂಕಟ ದೆವ್ವದ್ದಲ್ಲ. ಬದುಕಿದ್ದವರೆಲ್ಲ ಏಳು ವಾರ ನನಗೆ ಸುಳ್ಳು ಹೇಳಿದರು. ನಿಜ ಹೇಳಿದವಳಿಗೆ ನಾನು ಕ್ಲಾಸಿದೆ, ಇಡ್ಲಾ ಅಂದೆ.

ಹೋದ ವರ್ಷ ದೊಡ್ಡವ್ವನ ತಿಥಿಯ ದಿನ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಾದೇಶಣ್ಣ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನನ್ನ ಮುಖ ನೋಡದೆ ಕೇಳಿದ. "ಅವತ್ತು ಫೋನ್ ಬಂತು ಅಂತೀಯಲ್ಲ. ಅವ್ವ ನನ್ ಸುದ್ದಿ ಏನಾರ ಎತ್ತಿದ್ಲಾ?"

ನಾನು ಅವನ ಹಣೆ ನೋಡಿದೆ.

"ಇಲ್ಲ ಕಣಣ್ಣ" ಅಂದೆ. "ಲೈನು ಸರಿಯಿರ್ಲಿಲ್ಲ."

ಅವನು ಎದ್ದು, ಹೆಗಲ ಮೇಲಿದ್ದ ಟವಲ್ಲನ್ನು ತಲೆಗೆ ಸುತ್ತಿಕೊಂಡು ಬಿಸಿಲಿಗೆ ಇಳಿದು ಹೋದ.