ಬಿಸಿ ಡಾಂಬರಿನ ಮೇಲೆ ನಿಂತವನು

ಬೀದಿಯವರೆಲ್ಲ ಅವನನ್ನು ಕರೆಯುವುದು ಆಮೆಯಣ್ಣ ಎಂದು. ಡಾಂಬರು ರಸ್ತೆಗೆ ರೋಲರ್ ಓಡಿಸುವವನು. ಓಡಿಸುವವನು ಎಂದರೆ ರೋಲರ್‌ಗೇ ನಗು ಬಂದೀತು. ಅದು ಓಡಿದ್ದನ್ನು ಕಂಡವರಿಲ್ಲ. ಹೋಗುವುದು, ಬರುವುದು, ಮತ್ತೆ ಹೋಗುವುದು. ಬಿಸಿ ಹೊಗೆ ಕಾಲಡಿಯಿಂದ ಎದ್ದು ಕಣ್ಣಿಗೆ ಮುಸುಕು ಹಾಕುತ್ತದೆ. ಗಾಲಿಗೆ ಡಾಂಬರು ಅಂಟದಿರಲೆಂದು ತೊಟ್ಟಿಕ್ಕುವ ನೀರು ಚುಯ್ ಎಂದು ಆವಿಯಾಗುತ್ತದೆ. ಅರ್ಧ ಆಯುಷ್ಯವನ್ನು ಅವನು ಎಚ್ಚರಕ್ಕೂ ನಿದ್ದೆಗೂ ನಡುವಿನ ಈ ಮೋಡದಲ್ಲೇ ಕಳೆದಿದ್ದ.

ಆ ದಿನ ಮೋಡದ ಕೆಳಗಿದ್ದದ್ದು ಅವನದೇ ಬೀದಿ.

ಅಲ್ಲಿಗೆ ಡಾಂಬರು ಪುಕ್ಕಟೆ ಬಂದದ್ದಲ್ಲ. ಹೊಲಿಗೆ ಕೆಲಸದ ಅವನ ಹೆಂಡತಿ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ನಗರಸಭೆ ಕಚೇರಿಯ ಬಾಗಿಲಿಗೆ ಅಡ್ಡ ಕೂತಿದ್ದಳು. ಬೈಸಿಕೊಂಡಳು, ಪೊಲೀಸ್ ವ್ಯಾನು ಹತ್ತಿದಳು, ಇಳಿದು ಬಂದು ಮತ್ತೆ ಅಲ್ಲೇ ಕೂತಳು. ಹಿಂದಿನ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಗಿ, ಅದರ ಗುಂಡಿಯಲ್ಲಿ ಪಕ್ಕದ ಮನೆಯಾಕೆ ಸೊಂಟ ಮುರಿದುಕೊಂಡಿದ್ದಳು.

"ಈ ಸಲದ್ದು ಬಾಳಿಕೆ ಬರ್ಬೇಕು ರೀ. ಇದೂ ಎದ್ದುಹೋದ್ರೆ ಇನ್ನೊಂದ್ಸಲ ಯಾವ ಬಾಯಲ್ಲಿ ಕೇಳೋದು?" ಎಂದಿದ್ದಳು ಬೆಳಿಗ್ಗೆ.

ರೋಲರ್‌ನವರಿಗೆ ಒಂದು ಕಟ್ಟುಪಾಡಿದೆ: ಬಿಸಿ ಡಾಂಬರಿನ ಮೇಲೆ ನಿಲ್ಲಬಾರದು. ನಿಂತರೆ ಗಾಲಿ ಇಳಿದು ತಗ್ಗು ಬೀಳುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಸಂದಿಗೆ ನುಗ್ಗಿ ಜಲ್ಲಿಯನ್ನು ಬಿಡಿಸುತ್ತದೆ. ಇದು ಆಮೆಯಣ್ಣನಿಗೆ ಉಸಿರಾಟದಷ್ಟು ಗೊತ್ತು.

ಆದರೆ ತನ್ನ ಮನೆಯೆದುರು ಬಂದಾಗ ಹೊಗೆಯೊಳಗೆ ಬೀದಿ ಬೇರೆಯಾಗಿ ಕಂಡಿತು. ಹೆಂಡತಿ ಇಸ್ತ್ರಿ ಮಾಡಿ ಹರವಿದ ಕರಿ ರೇಷ್ಮೆಯ ಹಾಗೆ ರಸ್ತೆ ಉದ್ದಕ್ಕೂ ಮಲಗಿತ್ತು. ಸೊಂಟ ಮುರಿದಾಕೆ ಅದರ ಮೇಲೆ ಕೋಲಿಲ್ಲದೆ ತೇಲಿ ಬರುತ್ತಿದ್ದಳು. ಎಷ್ಟೋ ಮಳೆ ಬಂದು ಹೋಗಿದ್ದವು, ಒಂದು ಹರಳೂ ಕದಲಿರಲಿಲ್ಲ. ಕೈಯಲ್ಲಿದ್ದ ಗೇರಿನ ಹಿಡಿ ತಾನಾಗಿ ನಡುವಿಗೆ ಬಂತು, ರೋಲರ್ ನಿಂತಿತು. "ಲೇ, ಬಾರೇ ನೋಡು!" ಎಂದು ಕೂಗಿದ.

ಅವಳು ಹೊರಗೆ ಬಂದು ನೋಡಿದ್ದು ರಸ್ತೆಯನ್ನಲ್ಲ, ನಿಂತ ಗಾಲಿಯನ್ನು.

"ಯಾಕ್ರೀ ನಿಲ್ಸಿದ್ರಿ?"

ಕನಸು ಪಟ್ಟನೆ ಹರಿಯಿತು. ರೋಲರ್ ಸರಿಸಿದ. ಮನೆಯ ನೇರಕ್ಕೆ ರಸ್ತೆಗೆ ಅಡ್ಡಲಾಗಿ ತಗ್ಗು ಬಾಯಿ ಬಿಟ್ಟಿತ್ತು.

ಮೇಸ್ತ್ರಿ ಬಂದು ನೋಡಿ ಹಲ್ಲುಕಿರಿದ. "ಬಿಡಣ್ಣ, ಬೆರಳಷ್ಟೂ ಆಳ ಇಲ್ಲ. ಯಾರಿಗೆ ಕಾಣುತ್ತೆ?"

"ಮಳೆಗೆ ಕಾಣುತ್ತೆ," ಎಂದ ಆಮೆಯಣ್ಣ. "ತಪ್ಪು ನಂದು. ಬಿಸಿ ಆರೋದ್ರೊಳಗೆ ಕೆರೆದು ಹೊಸ ಡಾಂಬರು ಮಾಲು ಹಾಕಿ."

"ಮಾಲು ತಂದಿರೋ ಟಿಪ್ಪರು ಇನ್ನೊಂದು ಕಡೆ ಹೋಗ್ಬೇಕು."

"ಹೋಗ್ಲಿ, ನಮ್ಮ ಮೇಲೇ ಹಾಯಿಸ್ಕೊಂಡು ಹೋಗ್ಲಿ," ಎಂದು ಹೊಲಿಗೆಯವಳು ಟಿಪ್ಪರಿನ ಮುಂದೆ ಕೂತೇಬಿಟ್ಟಳು. ಮನೆಮನೆಯಿಂದ ಹೆಂಗಸರು ಬಂದರು. ಅವರಿಗೆ ಕೂತು ರೂಢಿ. ಸೊಂಟ ಮುರಿದಾಕೆ ಕೂರಲಾರದೆ ಬಾನೆಟ್ಟಿಗೆ ಒರಗಿ ನಿಂತಳು. ಮೇಸ್ತ್ರಿ ಎರಡು ಫೋನು ಮಾಡಿದ, ಒಂದು ಬೈಗುಳ ತಿಂದ, ಆಮೇಲೆ ಕೆಲಸದವರಿಗೆ ಕೈ ಮಾಡಿದ. ತಗ್ಗನ್ನು ಕೆರೆದರು, ಬಿಸಿ ಮಾಲು ಸುರಿದು ಮಟ್ಟ ಮಾಡಿದರು.

ಆಮೆಯಣ್ಣ ಮತ್ತೆ ಹತ್ತಿದ. ಈಗ ನಿಲ್ಲುವ ಹಾಗಿಲ್ಲ. ಹೆಂಡತಿಗೋ ಬೈಯದೆ ಇರಲಾಗುವುದಿಲ್ಲ. ಅಂಚಿನ ಮಣ್ಣಿನಲ್ಲಿ ಅವನ ಜೊತೆಗೇ ನಡೆದಳು, ಅವನು ಹಿಂದೆ ಬಂದರೆ ತಾನೂ ಹಿಂದೆ. ಹೊಗೆಯಲ್ಲಿ ಕಾಲು ಕಾಣದೆ ತೇಲುತ್ತಿದ್ದಂತಿದ್ದಳು. ಬಾಯಿ ಮಾತ್ರ ನೆಲದ ಮೇಲೇ ಇತ್ತು.

"ರಸ್ತೆ ಮಾಡು ಅಂದ್ರೆ ಸಿನಿಮಾ ನೋಡ್ತಾ ಕೂತ್ರಾ?"

"ನಿನ್ನನ್ನೇ ಕರೆದಿದ್ದು ಕಣೇ."

"ಕರೆದ್ರಲ್ಲ, ಬಂದೆನಲ್ಲ. ನಡೀರಿ ಈಗ, ನಿಲ್ಲಬೇಡಿ."

ಸಂಜೆ ಡಾಂಬರು ತಣ್ಣಗಾದ ಮೇಲೆ ಆ ಜಾಗಕ್ಕೆ ಒಂದು ಕೊಡ ನೀರು ಸುರಿದಳು. ನೀರು ಕ್ಷಣ ಹೊಳೆಯುತ್ತ ಹರಡಿತು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಉಸಿರು ಹಿಡಿದು ನೋಡಿದರು. ಮೆಲ್ಲಗೆ, ದಾರಿ ಗೊತ್ತಿದ್ದಂತೆ, ಅದು ಬದಿಯ ಚರಂಡಿಗೆ ಹರಿದುಹೋಯಿತು.